ಸೂಜಿ ಹಿಡಿಯುವ ಕೈಗೆ ಶಿಕ್ಷಣ: ಮನೆಯಲ್ಲೋ, ಆಸ್ಪತ್ರೆಯಲ್ಲೋ?

ನಾಡಿ ಹಿಡಿದು, ನಾಲಿಗೆ ನೋಡಿ ಔಷಧ ಕೊಡುತ್ತಿದ್ದ ಕಾಲ ಹಿಂದೆ ಸರಿದು, ರಕ್ತದ ವರದಿಯನ್ನು ಕಾಣದೆ ವೈದ್ಯರು ಚಿಕಿತ್ಸೆಯ ಮಾತನ್ನೇ ಆಡದ ಕಾಲ ಬಂದಿದೆ. ಮಧುಮೇಹ, ಥೈರಾಯ್ಡ್, ಗರ್ಭಿಣಿಯರ ರಕ್ತಹೀನತೆ, ಮಳೆಗಾಲದ ಡೆಂಗಿ ಜ್ವರ ಮುಂತಾದ ಎಲ್ಲ ತೊಂದರೆಗಳಲ್ಲಿಯೂ ಮೊದಲ ಹೆಜ್ಜೆ ಎಂದರೆ ಮೊಳಕೈಯ ಒಳಮಗ್ಗುಲಿನಿಂದ ಒಂದಿಷ್ಟು ರಕ್ತವನ್ನು ತೆಗೆಯುವುದು. ಈ ಕೆಲಸವನ್ನು ಕಲಿತವರಿಗೆ ನಗರಗಳಲ್ಲಿ ಮಾತ್ರವಲ್ಲ, ಹುಕ್ಕೇರಿ, ಸಂಕೇಶ್ವರ, ಗೋಕಾಕ, ಘಟಪ್ರಭಾಗಳಂತಹ ಊರುಗಳಲ್ಲಿಯೂ ಉದ್ಯೋಗಕ್ಕೆ ಎಡೆಯಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೆಬಾಟಮಿ ಎಂದು ಹೆಸರು. ಗ್ರೀಕ್ ಮೂಲದ ಈ ಶಬ್ದದ ಅರ್ಥ ಸಿರೆಯನ್ನು ಛೇದಿಸುವುದು ಎಂದಷ್ಟೇ. ನಮ್ಮ ಜನ ಸರಳವಾಗಿ ‘ರಕ್ತ ತೆಗೆಯುವವರು’ ಎನ್ನುತ್ತಾರೆ.

ಹತ್ತರಗಿಯ ಸುತ್ತಲಿನ ಹಳ್ಳಿಗಳಲ್ಲಿ ಹತ್ತನೆಯ ತರಗತಿಯನ್ನೋ ಪಿಯುಸಿ ವಿಜ್ಞಾನವನ್ನೋ ಮುಗಿಸಿ ಮುಂದೇನೆಂದು ತೋಚದೆ ಕುಳಿತಿರುವ ಹೆಣ್ಣುಮಕ್ಕಳ, ಗಂಡುಮಕ್ಕಳ ಪಾಲಕರಿಗೆ ಈ ಶಿಕ್ಷಣದ ಹೆಸರು ಈಗೀಗ ಕಿವಿಗೆ ಬೀಳುತ್ತಿದೆ. ಅದು ಬೀಳುವ ಬಗೆಯಾದರೂ ಎಂತಹುದು? ಮೊಬೈಲಿನ ತೆರೆಯ ಮೇಲೆ. ‘ಮನೆಯಲ್ಲಿಯೇ ಕುಳಿತು ಕಲಿಯಿರಿ, ಕೆಲವೇ ವಾರಗಳಲ್ಲಿ ಪ್ರಮಾಣಪತ್ರ, ಉದ್ಯೋಗ ಖಚಿತ’ ಎಂಬಂತಹ ಜಾಹೀರಾತುಗಳು ಬಡ ಪಾಲಕರ ಆಸೆಯನ್ನು ಕೆರಳಿಸುತ್ತವೆ. ಮಗಳು ದಿನನಿತ್ಯ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿಬರುವ ಚಿಂತೆಯಿಲ್ಲ, ವಸತಿಗೃಹದ ವೆಚ್ಚವಿಲ್ಲ, ಮನೆಗೆಲಸಕ್ಕೂ ಕೈಗೆ ಸಿಗುತ್ತಾಳೆ ಎಂಬ ಲೆಕ್ಕಾಚಾರ ಸಹಜವೇ. ಆದರೆ ಈ ಲೆಕ್ಕದಲ್ಲಿ ಒಬ್ಬರನ್ನು ಮರೆಯಲಾಗುತ್ತದೆ. ನಾಳೆ ಆ ಮಗಳ ಮುಂದೆ ತೋಳು ಚಾಚಿ ಕೂರುವ ರೋಗಿ ಅವರು.

ಆದಕಾರಣ ಆನ್‌ಲೈನೋ ಪ್ರತ್ಯಕ್ಷ ತರಗತಿಯೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಈ ಕೆಲಸದಲ್ಲಿ ಏನೇನು ಅಡಗಿದೆಯೆಂಬುದನ್ನು ಪಾಲಕರು ತಿಳಿದುಕೊಳ್ಳುವುದು ಒಳ್ಳೆಯದು.

ಐದು ನಿಮಿಷದ ಕೆಲಸ

ಹೊರಗಿನಿಂದ ನೋಡುವವರಿಗೆ ಇದು ಐದು ನಿಮಿಷದ ಕೆಲಸ. ಕೈಗೆ ರಬ್ಬರ್ ಪಟ್ಟಿ ಕಟ್ಟಿದರು, ಸೂಜಿ ಚುಚ್ಚಿದರು, ರಕ್ತ ತೆಗೆದರು, ಹತ್ತಿಯಿಟ್ಟು ಕಳುಹಿಸಿದರು. ಒಳಹೊಕ್ಕು ನೋಡಿದರೆ ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ರಕ್ತ ತೆಗೆಯುವ ಸುರಕ್ಷಿತ ಕ್ರಮಗಳನ್ನು ಕುರಿತೇ ಒಂದು ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರತಂದಿತೆಂದರೆ ಇದರ ಗಾಂಭೀರ್ಯ ಅರಿವಾದೀತು.

ಮೊದಲನೆಯದು ರೋಗಿಯ ಗುರುತು. ನಮ್ಮ ಭಾಗದ ಯಾವುದೇ ದವಾಖಾನೆಯಲ್ಲಿ ಒಂದೇ ಬೆಳಗಿನಲ್ಲಿ ಇಬ್ಬರು ಬಸವ್ವ, ಮೂವರು ಮಲ್ಲಪ್ಪ ಸರದಿಯಲ್ಲಿ ಕುಳಿತಿರುವುದು ಅಪರೂಪವಲ್ಲ. ‘ನೀವು ಬಸವ್ವ ಅಲ್ರೀ?’ ಎಂದು ಕೇಳಿದರೆ ಕಿವಿ ಮಂದವಾದ ಹಿರಿಯ ಜೀವ ಸುಮ್ಮನೆ ತಲೆಯಾಡಿಸಿಬಿಡುತ್ತದೆ. ‘ಆಯಿ, ನಿಮ್ಮ ಹೆಸರೇನ್ರಿ? ಯಾವೂರ್ರಿ?’ ಎಂದು ಕೇಳಿ, ಅವರ ಬಾಯಿಂದಲೇ ಹೆಸರು ಬರುವಂತೆ ಮಾಡಿ, ವಯಸ್ಸನ್ನೋ ನೋಂದಣಿ ಸಂಖ್ಯೆಯನ್ನೋ ಚೀಟಿಯೊಡನೆ ತಾಳೆ ನೋಡಬೇಕು. ಹೆಸರಿನ ಚೀಟಿಯನ್ನು ಟ್ಯೂಬಿಗೆ ಹಚ್ಚಬೇಕಾದುದು ರಕ್ತ ತೆಗೆದ ಮೇಲೆ, ರೋಗಿ ಇನ್ನೂ ಎದುರಿಗಿರುವಾಗಲೇ. ಮೊದಲೇ ಹಚ್ಚಿಟ್ಟ ಟ್ಯೂಬುಗಳು ಅದಲು ಬದಲಾದರೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ರಕ್ತ ಕೊಡಬೇಕಾದ ಸಂದರ್ಭದಲ್ಲಿ ಇದರ ಪರಿಣಾಮ ಮರಣವೇ ಆಗಬಹುದು.

ಎರಡನೆಯದು ರಬ್ಬರ್ ಪಟ್ಟಿ. ಅದನ್ನು ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಬಿಗಿದಿಟ್ಟರೆ ಸಿರೆಯೊಳಗಿನ ನೀರಿನಂಶ ಹೊರಸೋರಿ ರಕ್ತದ ಸಾಂದ್ರತೆ ಬದಲಾಗುತ್ತದೆ. ಪರೀಕ್ಷೆಯ ಅಂಕಿಗಳು ಏರುಪೇರಾಗುತ್ತವೆ. ಸಿರೆ ಕಾಣದಿದ್ದಾಗ ಮುಷ್ಟಿಯನ್ನು ಮೇಲಿಂದ ಮೇಲೆ ಬಿಗಿದು ಬಿಡಿಸಿರೆಂದು ಹೇಳುವ ರೂಢಿ ಎಲ್ಲೆಡೆ ಕಾಣುತ್ತದೆ. ಅದೂ ತಪ್ಪು, ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬಂದು ವರದಿಯಲ್ಲಿ ಇಲ್ಲದ ಏರಿಕೆ ಕಾಣಿಸಿಕೊಳ್ಳುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಅದು ತಾನಾಗಿ ಆರುವವರೆಗೆ ಕಾಯಬೇಕು. ಹಸಿಯಿರುವಾಗಲೇ ಚುಚ್ಚಿದರೆ ರೋಗಾಣುಗಳೂ ಸಾಯುವುದಿಲ್ಲ, ರೋಗಿಗೆ ಉರಿಯೂ ಹೆಚ್ಚು.

ಇನ್ನು ಟ್ಯೂಬುಗಳ ಬಣ್ಣ. ಮುಚ್ಚಳದ ಬಣ್ಣ ಅಂದಕ್ಕಾಗಿ ಇರುವುದಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ಲವಣವಿದೆ. ಅದು ಪೊಟ್ಯಾಸಿಯಂ ಲವಣ. ನೀಲಿ ಮುಚ್ಚಳದ್ದರಲ್ಲಿ ಸಿಟ್ರೇಟ್ ಇದ್ದು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಪ್ರಮಾಣ ತಪ್ಪಿದರೆ ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ ಕೆಡುತ್ತದೆ. ಬೂದು ಮುಚ್ಚಳದ್ದು ಸಕ್ಕರೆಯ ಪರೀಕ್ಷೆಗೆ. ಇವುಗಳನ್ನು ತುಂಬುವ ಕ್ರಮವೂ ಗೊತ್ತುಪಡಿಸಿದ್ದು: ಮೊದಲು ನೀಲಿ, ಆಮೇಲೆ ಕೆಂಪು ಇಲ್ಲವೆ ಹಳದಿ, ಅನಂತರ ಹಸಿರು, ನೇರಳೆ, ಕೊನೆಗೆ ಬೂದು. ಅವಸರದಲ್ಲಿ ನೇರಳೆ ಟ್ಯೂಬನ್ನು ಮೊದಲು ತುಂಬಿ, ಅದರ ಅಂಶ ಕೆಂಪು ಟ್ಯೂಬಿಗೆ ತಗುಲಿತೆನ್ನಿ. ವರದಿಯಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿದಂತೆಯೂ ಕ್ಯಾಲ್ಸಿಯಂ ಕುಸಿದಂತೆಯೂ ಕಾಣುತ್ತದೆ. ವೈದ್ಯರು ಆ ಕಾಗದವನ್ನು ನಂಬಿ, ಇಲ್ಲದ ರೋಗಕ್ಕೆ ಮದ್ದು ಕೊಡುವ ಪ್ರಸಂಗ ಬರಬಹುದು. ಯಂತ್ರ ಸರಿಯಿದೆ, ವೈದ್ಯರೂ ಸರಿ, ತಪ್ಪಿದ್ದು ಮಾತ್ರ ಮೊದಲಿನ ಐದು ನಿಮಿಷ.

ಚುಚ್ಚುವ ಕಲೆಯ ಮಾತು ಕೊನೆಗೆ ಬಂತು, ಆದರೆ ಕಠಿಣವಾದುದು ಅದೇ. ಸಿರೆಯನ್ನು ಕಣ್ಣಿನಿಂದಲ್ಲ, ಬೆರಳ ತುದಿಯಿಂದ ಹುಡುಕಬೇಕು. ಒತ್ತಿದಾಗ ಪುಟಿಯುವುದು ಸಿರೆ, ಬಡಿದುಕೊಳ್ಳುವುದು ಧಮನಿ, ಗಟ್ಟಿಯಾಗಿ ಹಗ್ಗದಂತೆ ಸಿಗುವುದು ಸ್ನಾಯುರಜ್ಜು. ಮೊಳಕೈಯ ಒಳಭಾಗದ ನಡುವಿನ ಸಿರೆ ಎಲ್ಲಕ್ಕಿಂತ ಸುರಕ್ಷಿತ. ಮೈಯ ಕಡೆಗಿರುವ ಸಿರೆಯ ಪಕ್ಕದಲ್ಲಿಯೇ ಧಮನಿಯೂ ನರವೂ ಹಾದುಹೋಗುವುದರಿಂದ ಅದನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಮುಟ್ಟಬೇಕು. ಬಿಸಿಲಿನಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿದ ರೈತನ ಬಿರುಸಾದ ಚರ್ಮ, ಎಪ್ಪತ್ತು ದಾಟಿದ ಅಜ್ಜಿಯ ಜಾರಿಹೋಗುವ ಸಿರೆ, ಅಳುವ ಕೂಸಿನ ದುಂಡು ಕೈ, ಸಲಾಯಿನ್ ಹಚ್ಚಿದ ತೋಳು, ಸೂಜಿಯನ್ನು ಕಂಡೊಡನೆ ಕಣ್ಣು ಕತ್ತಲಿಟ್ಟು ಕುರ್ಚಿಯಿಂದ ವಾಲುವ ತರುಣ, ಇವರೆಲ್ಲರೂ ಬೇರೆ ಬೇರೆ ಪಾಠಗಳು. ಇವು ಪುಸ್ತಕದಲ್ಲಿ ಇಲ್ಲವೆಂದಲ್ಲ. ಪುಸ್ತಕದಿಂದ ಬೆರಳಿಗೆ ಇಳಿಯುವುದಿಲ್ಲ.

ಈ ಮಾತು ಹೊಸದೇನೂ ಅಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಶಿಷ್ಯರ ಅಭ್ಯಾಸಕ್ಕಾಗಿಯೇ ಒಂದು ಅಧ್ಯಾಯವಿದೆ. ಸಿರೆಯನ್ನು ಚುಚ್ಚುವ ವಿದ್ಯೆಯನ್ನು ಸತ್ತ ಪ್ರಾಣಿಗಳ ಸಿರೆಗಳ ಮೇಲೂ ನೈದಿಲೆಯ ದಂಟಿನ ಮೇಲೂ ಮೊದಲು ರೂಢಿಸಿಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ಶಾಸ್ತ್ರವನ್ನೆಲ್ಲ ಕಂಠಪಾಠ ಮಾಡಿದವನಾದರೂ ಕೈಯ ಅಭ್ಯಾಸವಿಲ್ಲದಿದ್ದರೆ ಅವನು ಕರ್ಮಕ್ಕೆ ಅರ್ಹನಲ್ಲ ಎಂಬುದು ಅದರ ಆಶಯ. ಇಂದಿನ ತರಬೇತಿ ಕೇಂದ್ರಗಳಲ್ಲಿ ನೈದಿಲೆಯ ದಂಟಿನ ಸ್ಥಾನದಲ್ಲಿ ರಬ್ಬರಿನ ಕೃತಕ ತೋಳು ಬಂದಿದೆ.

ಪರದೆಯ ಮೇಲಿನ ಪಾಠ ಎಲ್ಲಿಯವರೆಗೆ?

ಹಾಗೆಂದು ಆನ್‌ಲೈನ್ ಶಿಕ್ಷಣವನ್ನು ಸಂಪೂರ್ಣವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಟ್ಯೂಬುಗಳ ಕ್ರಮ, ಸಿರೆಗಳ ಹೆಸರು, ಸೋಂಕು ಹರಡುವ ಬಗೆ, ಇಂಗ್ಲಿಷ್ ಪಾರಿಭಾಷಿಕ ಶಬ್ದಗಳು, ಇವನ್ನು ಮನೆಯಲ್ಲಿ ಕುಳಿತು ನಾಲ್ಕು ಸಲ ನೋಡಿ ಮನದಟ್ಟು ಮಾಡಿಕೊಳ್ಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ತರಗತಿಯಲ್ಲಿ ಗಡಿಬಿಡಿಯಿಂದ ದಾಟಿಹೋದ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ಕೇಳುವ ಅನುಕೂಲ ದೊಡ್ಡದು. ಈಗಾಗಲೇ ಪ್ರಯೋಗಶಾಲೆಯಲ್ಲಿ ದುಡಿಯುತ್ತಿರುವವರು ತಮ್ಮ ಅರಿವನ್ನು ಹೊಸದು ಮಾಡಿಕೊಳ್ಳಲು, ಎಳೆಮಗುವಿನ ತಾಯಿ ಮತ್ತೆ ಕೆಲಸಕ್ಕೆ ಮರಳುವ ಮುನ್ನ ಸಿದ್ಧತೆ ಮಾಡಿಕೊಳ್ಳಲು ಇದು ತಕ್ಕ ಸಾಧನ. ಆದರೆ ಸೂಜಿಯನ್ನೇ ಮುಟ್ಟದೆ ದೊರೆತ ಪ್ರಮಾಣಪತ್ರವು ಈಜು ಕಲಿಯದೆ ಹಿಡಕಲ್ಲಿನ ನೀರಿಗೆ ಇಳಿದಂತೆ. ವ್ಯತ್ಯಾಸವಿಷ್ಟೇ, ಇಲ್ಲಿ ಮುಳುಗುವವರು ಬೇರೆಯವರು.

ಸರಕಾರದ ಕಾಯಿದೆಯೂ ಈ ದಿಕ್ಕಿನಲ್ಲಿಯೇ ಸಾಗಿದೆ. ಸಂಸತ್ತು 2021ರಲ್ಲಿ ಸಹವೈದ್ಯಕೀಯ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ಸಹವೈದ್ಯಕೀಯ ವೃತ್ತಿಪರ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ, ಕನಿಷ್ಠ 2000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕು. ಒಂದು ಲೆಕ್ಕ ಹಾಕಿ ನೋಡಿರಿ: ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 25 ದಿನ, ಆರು ತಿಂಗಳು ಕಲಿತರೂ ಆಗುವುದು 900 ಗಂಟೆ. ಅಂದರೆ ಕಿರು ಅವಧಿಯ ಪ್ರಮಾಣಪತ್ರದಿಂದ ಸಹಾಯಕರ ಕೆಲಸ ಸಿಗಬಹುದೇ ಹೊರತು ಕಾಯಿದೆಯ ಅರ್ಥದಲ್ಲಿ ವೃತ್ತಿಪರರ ಸ್ಥಾನ ಸಿಗದು. ಮುಂದೆ 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು, ಈ ಕಾಯಿದೆಯ ವ್ಯಾಪ್ತಿಗೆ ಬರುವ ಶಿಕ್ಷಣಗಳನ್ನು ಆ ವರ್ಷದ ಜುಲೈ-ಆಗಸ್ಟ್ ಸತ್ರದಿಂದ ದೂರಶಿಕ್ಷಣ ಇಲ್ಲವೆ ಆನ್‌ಲೈನ್ ಪದ್ಧತಿಯಲ್ಲಿ ನಡೆಸಕೂಡದೆಂದು ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಅದಕ್ಕೂ ಮೊದಲು, ಮುಕ್ತ ಶಿಕ್ಷಣಕ್ಕೆ ಹೆಸರಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ರಕ್ತಸಂಗ್ರಹ ಸಹಾಯಕರಿಗಾಗಿ ಪ್ರಮಾಣಪತ್ರ ಶಿಕ್ಷಣವನ್ನು ರೂಪಿಸಿದಾಗಲೂ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯನ್ನು ಬಿಟ್ಟಿರಲಿಲ್ಲ ಎಂಬುದು ಗಮನಾರ್ಹ. ಹೀಗಿರುವಾಗ ಮೊಬೈಲಿನಲ್ಲಿಯೇ ಎಲ್ಲವನ್ನೂ ಮುಗಿಸಿಕೊಡುವೆವೆಂಬ ಅನಾಮಧೇಯ ಸಂಸ್ಥೆಗಳ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ಊಹಿಸಬಹುದು.

ನಮ್ಮ ಸೀಮೆಯಲ್ಲಿ ಕಲಿಕೆಯ ದಾರಿಗಳು

ನಮ್ಮ ರಾಜ್ಯದಲ್ಲಿ ರಕ್ತ ತೆಗೆಯುವ ವಿದ್ಯೆಯನ್ನು ಬಹುಮಟ್ಟಿಗೆ ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನದ ಭಾಗವಾಗಿಯೇ ಕಲಿಸುತ್ತ ಬಂದಿದ್ದಾರೆ. ಜನರ ಬಾಯಲ್ಲಿ ಇದು ಡಿಎಂಎಲ್‌ಟಿ. ಕರ್ನಾಟಕದ ಅರೆವೈದ್ಯಕೀಯ ಮಂಡಳಿಯ ಅಧೀನದ ಈ ಡಿಪ್ಲೊಮಾ ರೂಢಿಯಂತೆ ಹತ್ತನೆಯ ತರಗತಿ ಮುಗಿಸಿದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಎರಡು ವರ್ಷದ್ದಾಗಿ ನಡೆದುಬಂದಿದೆ. ಹೊಸ ಕಾಯಿದೆಯ ಮೇರೆಗೆ ಪಠ್ಯಕ್ರಮ ಹಾಗೂ ಪ್ರವೇಶದ ಅರ್ಹತೆ ಮಾರ್ಪಾಡಾಗುತ್ತಿರುವುದರಿಂದ, ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ನೋಡಿಕೊಂಡೇ ಮುಂದುವರಿಯಬೇಕು. ಪದವಿಯನ್ನೇ ಬಯಸುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಬಿ.ಎಸ್ಸಿ. ಪ್ರಯೋಗಶಾಲಾ ತಂತ್ರಜ್ಞಾನವಿದೆ. ಇನ್ನು ಕೇವಲ ರಕ್ತ ತೆಗೆಯುವುದನ್ನಷ್ಟೇ ಕಲಿಯಬಯಸುವವರಿಗಾಗಿ ರಾಷ್ಟ್ರೀಯ ಮಟ್ಟದ ಆರೋಗ್ಯ ಕ್ಷೇತ್ರ ಕೌಶಲ ಮಂಡಳಿಯು ಫ್ಲೆಬಾಟಮಿಸ್ಟ್ ಎಂಬ ಕೆಲಸಕ್ಕೆ ಮಾನದಂಡವನ್ನು ರೂಪಿಸಿದೆ. ನಿಮ್ಮ ಮುಂದಿರುವ ಸಂಸ್ಥೆ ಇದಕ್ಕೆ ಸೇರಿದ್ದೋ ಅಲ್ಲವೋ ಎಂಬುದನ್ನು ಬೆಳಗಾವಿಯ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಬಹುದು.

ಪಿಯುಸಿ ವಿಜ್ಞಾನ ಮುಗಿಸಿದ ಮಗಳಿಗೆ ಎರಡು ವರ್ಷದ ಡಿಪ್ಲೊಮಾವೇ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ರಕ್ತ ತೆಗೆಯುವುದನ್ನು ಮಾತ್ರ ಬಲ್ಲವರು ಇನ್ನೊಬ್ಬರ ಕೈಕೆಳಗೇ ಉಳಿಯಬೇಕಾಗುತ್ತದೆ. ತೆಗೆದ ರಕ್ತವನ್ನು ಪರೀಕ್ಷಿಸಲೂ ಬಲ್ಲವರಿಗೆ ಸರಕಾರಿ ನೇಮಕಾತಿಯ ಬಾಗಿಲೂ ತೆರೆದಿರುತ್ತದೆ. ಮನೆಯ ಪರಿಸ್ಥಿತಿ ಎರಡು ವರ್ಷ ಕಾಯಲು ಬಿಡದಿದ್ದರೆ ಮಾತ್ರ ಕಿರು ತರಬೇತಿಯತ್ತ ನೋಡಬೇಕು.

ಸ್ಥಳದ ಮಟ್ಟಿಗೆ ನಮ್ಮ ಸೀಮೆ ಭಾಗ್ಯಶಾಲಿಯೇ. ಏಳು ಜನ ತರುಣ ಶಿಕ್ಷಕರು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ನೆರವಾದ ದಾನಿಗಳಲ್ಲಿ ಹತ್ತರಗಿಯ ನೆರೆಯವರೇ ಆದ ವಂಟಮುರಿಯ ರಾಜಾ ಲಖಮಗೌಡರ ಹೆಸರು ಮೊದಲ ಸಾಲಿನದು. ಹಿಡಕಲ್ ಜಲಾಶಯಕ್ಕೂ ಅವರದೇ ಹೆಸರಿದೆ. ಆ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ 1963ರಲ್ಲಿ ಆರಂಭವಾಯಿತು. ಇದರ ಜೊತೆಗೆ ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ಸರಕಾರಿ ಬಿಮ್ಸ್ ಸಂಸ್ಥೆಯೂ ಬೆಳಗಾವಿಯಲ್ಲಿದೆ. ಇತ್ತ ಘಟಪ್ರಭೆಯಲ್ಲಿ ಡಾ. ಕೊಕಟನೂರ ಅವರು 1929ರಲ್ಲಿ ಸ್ಥಾಪಿಸಿದ, ಡಾ. ನಾ. ಸು. ಹರ್ಡೀಕರ ಅವರ ಸೇವೆಯಿಂದ ಪ್ರಸಿದ್ಧವಾದ ಕರ್ನಾಟಕ ಆರೋಗ್ಯ ಧಾಮವಿದೆ, ಸಹಕಾರಿ ತತ್ತ್ವದ ಮೇಲೆ ಬೆಳೆದ ಜೆ.ಜಿ. ಆಸ್ಪತ್ರೆಯಿದೆ. ಇವೆಲ್ಲ ಕಡೆ ಈ ಶಿಕ್ಷಣ ಇದೆಯೆಂದು ಹೇಳುತ್ತಿಲ್ಲ. ನೂರಾರು ರೋಗಿಗಳು ಬಂದುಹೋಗುವ ದೊಡ್ಡ ಆಸ್ಪತ್ರೆಗಳು ದೂರವಿಲ್ಲದಿರುವಾಗ, ಆಸ್ಪತ್ರೆಯ ಸಂಬಂಧವೇ ಇಲ್ಲದ ತರಬೇತಿಗೆ ಹಣ ಸುರಿಯುವ ಅಗತ್ಯ ನಮ್ಮವರಿಗಿಲ್ಲ ಎಂಬುದಷ್ಟೇ ಇದರ ತಾತ್ಪರ್ಯ.

ಪ್ರಯಾಣದ ವೆಚ್ಚದ ಮಾತನ್ನೂ ಇಲ್ಲಿ ಹೇಳಬೇಕು. ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಹತ್ತರಗಿಯಿಂದ ಬೆಳಗಾವಿ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದಂದಿನಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಮಹಿಳೆಯರಿಗೆ ಟಿಕೆಟಿನ ಖರ್ಚಿಲ್ಲ. ‘ಮಗಳನ್ನು ದಿನಾ ಕಳಿಸಲು ದುಡ್ಡೆಲ್ಲಿದೆ?’ ಎಂಬ ಮಾತು ಮುಖ್ಯರಸ್ತೆಯ ಊರುಗಳಲ್ಲಿ ಮೊದಲಿನ ತೂಕವನ್ನು ಕಳೆದುಕೊಂಡಿದೆ. ಒಳಭಾಗದ ಹಳ್ಳಿಗಳ ಕಷ್ಟ ಬೇರೆ. ಅಲ್ಲಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ಸೇರುವುದೇ ಒಂದು ಸಾಹಸ. ಪ್ರಯೋಗಶಾಲೆಗಳಲ್ಲಿ ಉಪವಾಸದ ರಕ್ತ ಕೊಡಲು ಜನ ಸೇರುವುದು ಬೆಳಗಿನ ಜಾವದಿಂದ ಹತ್ತು ಗಂಟೆಯೊಳಗೆ. ತಡವಾಗಿ ತಲುಪುವ ವಿದ್ಯಾರ್ಥಿಗೆ ಕೈ ಪಳಗಿಸಿಕೊಳ್ಳುವ ಹೊತ್ತೇ ತಪ್ಪಿಹೋಗುತ್ತದೆ. ಅಂಥವರು ವಸತಿಯ ಏರ್ಪಾಟನ್ನು ಮಾಡಿಕೊಳ್ಳುವುದೇ ಮೇಲು.

ಹಣ ಕಟ್ಟುವ ಮುನ್ನ

ತರಬೇತಿ ಸಂಸ್ಥೆಯ ಕಚೇರಿಗೆ ಪಾಲಕರು ಖುದ್ದಾಗಿ ಹೋಗಬೇಕು. ದೂರವಾಣಿಯ ಮಾತನ್ನು ನೆಚ್ಚಿ ಹಣ ಕಳುಹಿಸಬಾರದು. ಪ್ರಮಾಣಪತ್ರವನ್ನು ಕೊಡುವವರು ಯಾರು, ಅವರಿಗೆ ಮಾನ್ಯತೆ ಕೊಟ್ಟವರು ಯಾರು ಎಂಬುದನ್ನು ಕಾಗದದಲ್ಲಿ ಕೇಳಿ ಪಡೆದು, ಆ ಮಂಡಳಿಯ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದೆಯೇ ಎಂದು ತಾವೇ ಪರೀಕ್ಷಿಸಬೇಕು. ‘ಸರಕಾರದಿಂದ ನೋಂದಣಿಯಾಗಿದೆ’ ಎಂಬ ಮಾತಿಗೆ ಮರುಳಾಗಬೇಡಿರಿ. ಸಂಘವೆಂದೋ ಅಂಗಡಿಯೆಂದೋ ನೋಂದಾಯಿಸಿಕೊಳ್ಳುವುದು ಬೇರೆ, ಶಿಕ್ಷಣ ನೀಡಲು ಮಾನ್ಯತೆ ಪಡೆಯುವುದು ಬೇರೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ನನ್ನ ಮಗಳು ಯಾವ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಜನರ ರಕ್ತವನ್ನು ತನ್ನ ಕೈಯಿಂದ ತೆಗೆಯುತ್ತಾಳೆ? ಉತ್ತರ ಕೊಡಲು ತಡವರಿಸುವ ಸಂಸ್ಥೆಯಿಂದ ಎದ್ದುಬರುವುದು ಕ್ಷೇಮ. ಒಳ್ಳೆಯ ಕೇಂದ್ರಗಳಲ್ಲಿ ವಿದ್ಯಾರ್ಥಿ ತೆಗೆದ ಪ್ರತಿಯೊಂದು ಮಾದರಿಯನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆದು ಮೇಲ್ವಿಚಾರಕರ ಸಹಿ ಹಾಕಿಸುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬರ ಅಂತಹ ಪುಸ್ತಕವನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚವೇಕೆ? ಕನ್ಯೆ ನೋಡಲು ಹೋದಾಗ ಏಳು ತಲೆಮಾರು ವಿಚಾರಿಸುವ ನಾವು, ಮಗಳ ಬದುಕಿನ ಕಾಯಕವನ್ನು ಗೊತ್ತುಮಾಡುವಾಗ ಇಷ್ಟಾದರೂ ವಿಚಾರಿಸಬೇಡವೇ! ಶುಲ್ಕದ ಪೂರ್ಣ ವಿವರ, ಪರೀಕ್ಷಾ ಶುಲ್ಕ ಬೇರೆಯೋ, ಮಧ್ಯದಲ್ಲಿ ಬಿಟ್ಟರೆ ಹಣ ಮರಳುವುದೋ ಎಂಬುದನ್ನೂ ಬರಹದಲ್ಲಿಯೇ ಪಡೆಯಬೇಕು. ಶಾಲೆಯ ಮೂಲ ಅಂಕಪಟ್ಟಿಗಳನ್ನು ಯಾವ ಕಾರಣಕ್ಕೂ ಒತ್ತೆಯಾಗಿ ಬಿಟ್ಟುಬರಬಾರದು.

ಸಂಸ್ಥೆಯ ಅಭ್ಯಾಸದ ಕೋಣೆಯನ್ನು ಒಮ್ಮೆ ಕಣ್ಣಾರೆ ನೋಡಿಬಂದರೆ ಅರ್ಧ ಸಂಗತಿ ತಾನೇ ತಿಳಿಯುತ್ತದೆ. ಕೈ ತೊಳೆಯಲು ಹರಿಯುವ ನೀರಿದೆಯೇ? ಬಳಸಿದ ಸೂಜಿಗಳಿಗಾಗಿ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಯಿದೆಯೇ? ವೈದ್ಯಕೀಯ ತ್ಯಾಜ್ಯವನ್ನು ಕುರಿತ 2016ರ ನಿಯಮಗಳಂತೆ ಸೂಜಿಗಳಿಗೆ ಬಿಳಿ ಡಬ್ಬಿ, ಸಿರಿಂಜು ಮತ್ತು ಪ್ಲಾಸ್ಟಿಕ್ ನಳಿಕೆಗಳಿಗೆ ಕೆಂಪು ಚೀಲ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದನ್ನು ಶಿಕ್ಷಕರೇ ಮಾಡಿ ತೋರಿಸುತ್ತಿದ್ದರೆ ಅಲ್ಲಿ ಕಲಿಯುವಂಥದೇನೂ ಇಲ್ಲ. ಸೂಜಿ ಕೈಗೆ ಚುಚ್ಚುವ ಅನಾಹುತಗಳಿಗೆ ಆ ಅಭ್ಯಾಸ ಒಂದು ಮುಖ್ಯ ಕಾರಣ.

ಕಲಿಯುವ ಮಕ್ಕಳ ಸುರಕ್ಷತೆಯ ವಿಷಯವನ್ನು ಜಾಹೀರಾತುಗಳು ಎತ್ತುವುದೇ ಇಲ್ಲ. ರೋಗಿಯ ರಕ್ತ ಹತ್ತಿದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸುಮಾರು ಸಾವಿರಕ್ಕೆ ಮೂರು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಅದಕ್ಕಿಂತ ಬಹುಪಾಲು ಹೆಚ್ಚಿನದು. ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಹಾಗೆ ಚುಚ್ಚಿದರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು, ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕು. ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯೇ ಇದೆ: ಮೊದಲನೆಯ ಚುಚ್ಚುಮದ್ದಾದ ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಮೂರನೆಯದು ಮುಗಿಯುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆಯಾದ್ದರಿಂದ, ಹಿಂದೆ ಲಸಿಕೆ ಆಗಿರದ ಮಕ್ಕಳಿಗೆ ಪ್ರವೇಶದ ಅರ್ಜಿ ತುಂಬುವ ವಾರದಲ್ಲಿಯೇ ವೈದ್ಯರನ್ನು ಕಂಡು ಮೊದಲನೆಯದನ್ನು ಹಾಕಿಸಿ, ಮುಂದಿನ ಎರಡು ತಾರೀಖುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿರಿ.